ಬೆಂಕಿಯಲ್ಲಿ ಒಗೆದ ಬಟ್ಟೆ

ಲೈನ್ ಮನೆ, ಬಾಳೂರು
12 ಆಗಸ್ಟ್ 2024

ಬಾಲೂ,

ನಮ್ಮನೆಯಲ್ಲಿ ಯಾರೂ ಸತ್ತಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಕಾಗದ ಒಡೆದ ಕೂಡಲೇ ಕೊನೆಯ ಸಾಲಿಗೆ ಹಾರುವ ಬುದ್ಧಿ ನಿನಗೆ ಅಪ್ಪನಿಂದ ಬಂದದ್ದು. ಇಲ್ಲಿರುವುದು ಹುಟ್ಟುವ ಸುದ್ದಿ. ನಮ್ಮ ಸ್ವಾತಿಗೆ ಈಗ ಐದು ತಿಂಗಳು. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಆಫೀಸಿನಲ್ಲಿ ಕೂತು ಮಾಡುವ ಕೆಲಸವಾದ್ದರಿಂದ ಇನ್ನೂ ರಜೆ ಹಾಕಿಲ್ಲ. ಏಳನೇ ತಿಂಗಳಲ್ಲಿ ಸೀಮಂತ ಮುಗಿಸಿ ಮಗಳನ್ನು ಇಲ್ಲಿಗೆ ಕರೆತರುತ್ತೇನೆ. ಹೆರಿಗೆ ಮೂಡಿಗೆರೆ ಆಸ್ಪತ್ರೆಯಲ್ಲಿ, ಬಾಣಂತನ ನನ್ನ ಕೈಯಲ್ಲಿ. ತೋಟದ ಕೆಲಸದವರ ಈ ಲೈನಿನಲ್ಲಿ ಎಲ್ಲರ ಮನೆಯ ಬಾಣಂತಿಯರಿಗೆ ನೀರು ಹಾಕಿದ್ದೇನೆ, ಈಗ ಸ್ವಂತ ಮಗಳದ್ದು ಅಂದರೆ ಹೆದರಿಕೆ ಮಾರಾಯ.

ಅದಕ್ಕೇ ನಿನ್ನಿಂದ ಒಂದು ಉಪಕಾರ ಬೇಕು. ನೀನು ಹಡಗಿನ ಯಾರ್ಡಿನಿಂದ ತಂದುಕೊಟ್ಟ ಬಿಳಿ ಬಟ್ಟೆ ನೆನಪಿದೆಯಲ್ಲ? ಬಿಸಿ ಪೈಪುಗಳಿಗೆ ಸುತ್ತುವುದು ಅಂದಿದ್ದೆ. ನಮ್ಮ ಬಚ್ಚಲೊಲೆಯ ಪಕ್ಕದ ಹಲಗೆ ಸುಡುತ್ತದೆ, ಅಲ್ಲಿಗೆ ಹೊಡಿ ಅಂತ ಕೊಟ್ಟು ಹೋಗಿದ್ದೆ. ನಾನು ಹಲಗೆಗೆ ಹೊಡೆಯಲಿಲ್ಲ. ಸ್ವಾತಿ ಹುಟ್ಟಿದಾಗ ಮಂಚದ ಕೆಳಗೆ ಕೆಂಡದ ಮಡಕೆ ಇಟ್ಟಿದ್ದರು. ಬಾಣಂತಿಯ ಬೆನ್ನು ಬೆಚ್ಚಗಿರಬೇಕು ಅಂತ ಇಡುತ್ತೇವಲ್ಲ, ಅದೇ. ಮಂಚದ ಹಗ್ಗಕ್ಕೆ ಕಿಡಿ ತಾಗದಿರಲಿ ಅಂತ ನಿನ್ನ ಬಟ್ಟೆ ಹಾಸಿಕೊಂಡಿದ್ದೆ. ಒಂದು ದಿನ ಕೆಂಡ ಸಿಡಿದು ಮಗುವಿನ ಕಾಲಿನ ಪಕ್ಕವೇ ಬಿತ್ತು. ಮೇಸ್ತ್ರಿ ಶೇಷಪ್ಪಣ್ಣನ ಅವ್ವ ಅಲ್ಲೇ ಕೂತಿದ್ದವರು ಕೂಗಿಕೊಂಡರು. ನೋಡಿದರೆ ಬಟ್ಟೆಯ ಮೇಲೆ ಕಪ್ಪು ಚುಕ್ಕೆಯೂ ಇಲ್ಲ.

ಆಮೇಲೆ ಆ ಮುದುಕಿ ಏನು ಮಾಡಿತು ಗೊತ್ತಾ? ಬಾಣಂತನ ಮುಗಿದ ಮೇಲೆ ಕೊಳೆಯಾಗಿದ್ದ ಬಟ್ಟೆಯನ್ನು ಬಚ್ಚಲೊಲೆಗೇ ಹಾಕಿಬಿಟ್ಟಿತು. ಕೊಳೆಯೆಲ್ಲ ಉರಿದುಹೋಗಿ ಬಟ್ಟೆ ಹಾಲಿನ ಹಾಗೆ ಬೆಳ್ಳಗೆ ಹೊರಗೆ ಬಂತು. ಅವತ್ತಿನಿಂದ ಅದಕ್ಕೆ ಬೆಂಕಿ ಬಟ್ಟೆ ಅಂತ ಹೆಸರು. ಸೂತಕವೂ ಇಲ್ಲ, ಮೈಲಿಗೆಯೂ ಇಲ್ಲ, ಬೆಂಕಿಯಲ್ಲಿ ಒಗೆದರಾಯಿತು. ಈ ಲೈನಿನಲ್ಲಿ ಹುಟ್ಟಿದ ಮಕ್ಕಳೆಲ್ಲ ನಿನ್ನ ಬಟ್ಟೆಯ ಮೇಲೆ ಮಲಗಿದವರೇ. ನೀನು ಮದುವೆಯಾಗದೆ ಉಳಿದರೂ ಊರಿಗೆಲ್ಲ ಸೋದರಮಾವ ಆದೆ ಅಂತ ನಾವು ನಗುವುದುಂಟು.

ಈಗ ಅದರ ಒಂದು ಅಂಚು ಎಳೆ ಬಿಟ್ಟಿದೆ, ಮುಟ್ಟಿದರೆ ಹುಡಿ ಉದುರುತ್ತದೆ. ಯಾರ್ಡಿನಲ್ಲಿ ಹೊಸ ತುಂಡು ಸಿಕ್ಕಿದರೆ ಕಳಿಸು. ಫೋನ್ ಮಾಡೋಣವೆಂದರೆ ನಿನ್ನದು ಯಾವಾಗಲೂ ಆಫ್ ಅಂತ ಸ್ವಾತಿ ಹೇಳುತ್ತಾಳೆ. ಇಲ್ಲಿಯೂ ಸಿಡಿಲು ಹೊಡೆದು ಟವರು ಸತ್ತು ಬಿದ್ದಿದೆ. ಕಾಗದವೇ ವಾಸಿ. ಪೋಸ್ಟಿಗೆ ಹಾಕಲು ಏರು ಹತ್ತಬೇಕು, ದಾರಿಯಲ್ಲಿ ಚೌಡಿ ಕಲ್ಲಿನ ಹತ್ತಿರ ಕೂತು ಸುಧಾರಿಸಿಕೊಂಡು ಹೋಗುತ್ತೇನೆ. ವಯಸ್ಸಾಯಿತಲ್ಲ.

ನಿನ್ನ ಅಕ್ಕ
ರಾಮಮ್ಮ


ಶಿವಡಿ, ಮುಂಬೈ
28 ಆಗಸ್ಟ್ 2024

ಅಕ್ಕಾ,

ಸ್ವಾತಿಯ ಸುದ್ದಿ ಓದಿ ತುಂಬಾ ಖುಷಿಯಾಯಿತು. ಅವಳನ್ನು ಎತ್ತಿಕೊಂಡು ತೋಟದ ಗೇಟಿನವರೆಗೆ ಹೋಗಿ ಬಂದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಈಗ ಅವಳೇ ತಾಯಿ.

ಆ ಬಟ್ಟೆ ಇನ್ನೂ ಇದೆಯಾ? ಹಲಗೆಗೆ ಹೊಡೆದಿರುತ್ತೀಯ, ಆ ಹಳೆ ಬಚ್ಚಲು ಬಿದ್ದಾಗ ಅದೂ ಹೋಗಿರುತ್ತದೆ ಅಂದುಕೊಂಡಿದ್ದೆ. ಅದು ಈಗ ಬೇಡ ಅಕ್ಕ. ಹಳೆಯದಾಯಿತು. ಯಾರ್ಡಿನಲ್ಲೂ ಅದನ್ನು ಬಿಟ್ಟಿದ್ದಾರೆ. ಹೊಸದು ಸಿಗುವುದಿಲ್ಲ, ಸಿಕ್ಕಿದರೂ ಕಳಿಸುವುದಿಲ್ಲ. ಇರುವುದನ್ನು ತೆಗೆದುಹಾಕು. ಕೊಡವಬೇಡ. ಹರಿಯಬೇಡ. ಸ್ವಾತಿ ಬರುವ ಮೊದಲೇ ತೆಗೆದುಹಾಕು. ಕಾರಣ ಊರಿಗೆ ಬಂದಾಗ ಹೇಳುತ್ತೇನೆ.

ಅವಳಿಗೆ ಒಳ್ಳೆಯ ಉಣ್ಣೆಯ ಕಂಬಳಿ ಕಳಿಸುತ್ತಿದ್ದೇನೆ. ಅದನ್ನೇ ಹಾಸು.

ನಾನು ಆರಾಮ. ಈಗ ಎಂಜಿನ್ ರೂಮಿಗೆ ಇಳಿಯುವ ಕೆಲಸ ಇಲ್ಲ, ಗೇಟಿನಲ್ಲಿ ಕೂರಿಸಿದ್ದಾರೆ. ಬಂದವರ ಪಾಸ್ ನೋಡುವುದು, ಅಷ್ಟೆ. ಫೋನು ಡಾಕಿನ ನೀರಿಗೆ ಬಿತ್ತು. ಹೊಸದು ಕೊಳ್ಳಬೇಕು.

ಮರೆಯಬೇಡ. ಸ್ವಾತಿ ಬರುವ ಮೊದಲು.

ಬಾಲು


ಲೈನ್ ಮನೆ, ಬಾಳೂರು
11 ಸೆಪ್ಟೆಂಬರ್ 2024

ಬಾಲೂ,

ಕಂಬಳಿ ಬಂತು. ಚೆನ್ನಾಗಿದೆ. ಆದರೆ ಕಂಬಳಿಯ ಕೆಳಗೆ ಕೆಂಡ ಇಟ್ಟರೆ ಲೈನಿಗೆ ಲೈನೇ ಹೊತ್ತಿಕೊಳ್ಳುತ್ತದಲ್ಲೋ, ಅಷ್ಟೂ ಯೋಚನೆ ಬೇಡವಾ?

ನಿನ್ನ ಕಾಗದ ಓದಿ ನನಗೆ ನಗು ಬಂತು. ಕಾರಣ ಹೇಳುವುದಿಲ್ಲವಂತೆ. ನನಗೆ ತಿಳಿಯುವುದಿಲ್ಲವಾ? ಆ ಬಟ್ಟೆಯನ್ನು ಹೇಳದೆ ಕೇಳದೆ ಎತ್ತಿಕೊಂಡು ಬಂದಿದ್ದೀಯ, ಈಗ ಪೆನ್ಶನ್ ಹತ್ತಿರ ಬಂದಾಗ ಯಾರೋ ಹಳೆಯದನ್ನು ಕೆದಕುತ್ತಿದ್ದಾರೆ. ಅಷ್ಟೇ ತಾನೆ? ಮುಂಬೈಯಿಂದ ಬಾಳೂರಿಗೆ ಬಂದು ಬಾಣಂತಿಯ ಮಂಚ ಎತ್ತಿ ನೋಡುವ ಗಂಡಸು ಇನ್ನೂ ಹುಟ್ಟಿಲ್ಲ. ನೀನು ಧೈರ್ಯವಾಗಿರು.

ಅದೂ ಅಲ್ಲದೆ ಅದು ಈಗ ನನ್ನೊಬ್ಬಳ ಬಟ್ಟೆಯೂ ಅಲ್ಲ. ನನ್ನ ಹಾಸಿಗೆಯ ಮೇಲಿನ ಅಟ್ಟದಲ್ಲಿ ಮಡಿಸಿ ಇಟ್ಟಿರುತ್ತೇನೆ, ನಿಜ. ಆದರೆ ಎಲ್ಲರೂ ಅದನ್ನು ಚೌಡಿಯದು ಅನ್ನುತ್ತಾರೆ. ಬೇಡವೆಂದರೂ ಹಾಗೆ ಅನಿಸುತ್ತದೆ ಕಣೋ. ಇಲ್ಲಿಯ ಮಳೆಗೆ ಹಾಸಿಗೆ, ಚಪ್ಪಲಿ, ದೇವರ ಪಟ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ. ಅದಕ್ಕಿಲ್ಲ. ಇಲಿ ಅಟ್ಟದಲ್ಲಿರುವ ಗೋಣಿಯನ್ನೆಲ್ಲ ಕಡಿದು ಹಾಕಿದೆ. ಅದರ ಹತ್ತಿರ ಹೋಗಿಲ್ಲ. ಗೆದ್ದಲು ಅಟ್ಟದ ಹಲಗೆಯನ್ನು ತಿಂದು, ಆ ಬಟ್ಟೆ ಇದ್ದ ಜಾಗ ಬಂದಾಗ ಸುತ್ತು ಹಾಕಿಕೊಂಡು ಹೋಗಿದೆ. ಹುಳ ಹುಪ್ಪಟೆ ಕೂಡ ಬಾಯಿ ಇಡದ ವಸ್ತು ಅದು.

ಇನ್ನೊಂದು ಇದೆ. ಬಾಣಂತಿ ಕೋಣೆಯ ಕಿಂಡಿಯಿಂದ ಬೆಳಗಿನ ಬಿಸಿಲು ಬೀಳುವ ಹೊತ್ತಿಗೆ ನಾನು ಅದನ್ನು ಕೊಡವಿ ಹಾಸುತ್ತೇನೆ. ಆಗ ಬಿಸಿಲಿನಲ್ಲಿ ಸಣ್ಣ ಸಣ್ಣ ಎಳೆಗಳು ಮಿಣಮಿಣ ಅಂತ ತೇಲುತ್ತವೆ. ಬೇರೆ ಧೂಳು ಕೆಳಗೆ ಇಳಿಯುತ್ತದೆ, ಇದು ಇಳಿಯುವುದಿಲ್ಲ. ಊಟ ಮುಗಿಸಿ ಬಂದರೂ ಅಲ್ಲೇ ನಿಂತಿರುತ್ತದೆ. ಕೂಸುಗಳು ಅದನ್ನೇ ನೋಡುತ್ತಾ ನಗುತ್ತವೆ. ಚೌಡಿ ಮಕ್ಕಳನ್ನು ಆಡಿಸುತ್ತಿದ್ದಾಳೆ ಅಂತ ಶೇಷಪ್ಪಣ್ಣನ ಅವ್ವ ಹೇಳುತ್ತಿದ್ದರು. ಪಾಪ, ಅವರು ಹೋಗಿ ಬಹಳ ವರ್ಷವಾಯಿತು, ದಮ್ಮು ಇತ್ತು.

ದಮ್ಮು ಅಂದಾಗ ನೆನಪಾಯಿತು. ಕೊನೆಯ ಮನೆಯ ಶಾಂತಕುಮಾರಿ ಈ ಮಳೆಗಾಲದಲ್ಲಿ ಹೋದಳು. ಬಾಣಂತನದಲ್ಲಿ ನನ್ನ ಜೊತೆ ಕೈ ಸೇರಿಸುತ್ತಿದ್ದವಳು. ಟಿಬಿ ಇರಬೇಕೆಂದು ಮಾತ್ರೆ ಕೊಟ್ಟರು, ಹಿಡಿಯಲೇ ಇಲ್ಲ. ಬೀಡಿ ಮುಟ್ಟಿದವಳಲ್ಲ. ಕೊನೆಗೆ ಕೂತೇ ನಿದ್ದೆ ಮಾಡುತ್ತಿದ್ದಳು. ನಮ್ಮನೆಯಲ್ಲಿ ಯಾರೂ ಸತ್ತಿಲ್ಲ ಅಂತ ಹೋದ ಸಲ ಬರೆದೆನಲ್ಲ, ಅದಕ್ಕೇ ಅವಳ ವಿಷಯ ಬರೆಯಲಿಲ್ಲ.

ನಿನ್ನ ಅಕ್ಕ


ಶಿವಡಿ, ಮುಂಬೈ
30 ಸೆಪ್ಟೆಂಬರ್ 2024

ಅಕ್ಕಾ,

ಕಳ್ಳತನದ ಮಾತಲ್ಲ. ಅದನ್ನು ಯಾರ್ಡಿನ ಎಲ್ಲರೂ ಮನೆಗೆ ತಂದಿದ್ದಾರೆ. ಮಧ್ಯಾಹ್ನ ಊಟವಾದ ಮೇಲೆ ಅದನ್ನೇ ಸುತ್ತಿ ತಲೆಗೆ ಇಟ್ಟುಕೊಂಡು ಮಲಗುತ್ತಿದ್ದೆವು. ಮೆತ್ತಗಿರುತ್ತಿತ್ತು. ಒಬ್ಬರ ಮೇಲೊಬ್ಬರು ಹುಡಿ ಎರಚಿ ಆಡಿದ್ದೂ ಇದೆ.

ನನ್ನ ಜೊತೆ ರೂಮಿನಲ್ಲಿದ್ದ ವಿಶ್ವನಾಥನನ್ನು ನೀನು ನೋಡಿದ್ದೀಯ. ಕಳಸದವನು, ನಿನ್ನ ಮದುವೆಯ ನಂತರ ಒಮ್ಮೆ ನನ್ನ ಜೊತೆ ಬಂದಿದ್ದ. ನಾವಿಬ್ಬರೂ ಒಂದೇ ಗ್ಯಾಂಗು. ಪೈಪಿಗೆ ಅವನು ಬಟ್ಟೆ ಸುತ್ತುತ್ತಿದ್ದ, ನಾನು ಕತ್ತರಿಸಿ ಕೊಡುತ್ತಿದ್ದೆ. ಅವನು ಹೋಗಿ ಎರಡು ವರ್ಷವಾಯಿತು. ಅವನ ಹೆಂಡತಿ ಅವನಿಗಿಂತ ಮೊದಲೇ ಹೋದಳು, ಅದಕ್ಕೇ ಅವನು ಮತ್ತೆ ನನ್ನ ರೂಮಿಗೆ ಬಂದದ್ದು. ಆಕೆ ಯಾರ್ಡಿನ ಗೇಟನ್ನೂ ನೋಡಿದವಳಲ್ಲ. ಸಂಜೆ ಅವನ ಅಂಗಿ ಕೊಡವಿ ಒಗೆಯುತ್ತಿದ್ದಳು. ಅಷ್ಟೇ ಮಾಡಿದ್ದು.

ಅದರ ಹೆಸರು ಆಸ್ಬೆಸ್ಟಾಸ್. ಕಲ್ಲಿನಿಂದ ತೆಗೆದ ನಾರು. ಬಟ್ಟೆಯ ಹಾಗೆ ಕಾಣುತ್ತದೆ, ಆದರೆ ಕಲ್ಲು. ಆ ಮಿಣಮಿಣ ಅಂತ ಬರೆದೆಯಲ್ಲ, ಅದು ಉಸಿರಿನ ಜೊತೆ ಒಳಗೆ ಹೋಗುತ್ತದೆ. ಹೋದದ್ದು ಹೊರಗೆ ಬರುವುದಿಲ್ಲ. ಹೊರಗೆ ಬೆಂಕಿಗೆ ಹೇಗೆ ಸುಡುವುದಿಲ್ಲವೋ, ಒಳಗೆ ಮೈಗೂ ಕರಗುವುದಿಲ್ಲ. ಇಪ್ಪತ್ತು ವರ್ಷ, ಮೂವತ್ತು ವರ್ಷ ಸುಮ್ಮನೆ ಕೂತಿರುತ್ತದೆ. ಆಮೇಲೆ ಎದ್ದು ತನ್ನ ಕೆಲಸ ಮಾಡುತ್ತದೆ. ನೀನು ಲೆಕ್ಕ ಹಾಕಲು ಶುರು ಮಾಡುತ್ತೀಯ, ಯಾರು ಯಾರು ಅಂತ. ಅದಕ್ಕೇ ಕಾರಣ ಬರೆದಿರಲಿಲ್ಲ. ಶಾಂತಕುಮಾರಿಯ ಸುದ್ದಿ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ನಾನು ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಿದ್ದೆ. ನನಗೇನೂ ಆಗಿಲ್ಲ.

ಒಂದು ಕೇಳುತ್ತೇನೆ. ನಗಬೇಡ, ಸರಿಯಾಗಿ ಉತ್ತರ ಬರಿ. ನೀನು ಈಗ ಯಾವ ಮಗ್ಗುಲಿಗೆ ಮಲಗುತ್ತೀಯ?

ಬಾಲು


ಲೈನ್ ಮನೆ, ಬಾಳೂರು
19 ಅಕ್ಟೋಬರ್ 2024

ಬಾಲೂ,

ನಿನ್ನ ಕಾಗದ ಓದಿ ಒಂದು ವಾರ ನಿನ್ನ ಮೇಲೆ ಸಿಟ್ಟಿತ್ತು. ಈಗ ಸಿಟ್ಟಿಲ್ಲ, ಹೆದರಿಕೆ ಇದೆ. ಸ್ವಾತಿ ಬಂದಿದ್ದಾಳೆ. ಕಾಲು ಸ್ವಲ್ಪ ಊದಿದೆ, ಉಳಿದಂತೆ ಚೆನ್ನಾಗಿದ್ದಾಳೆ. ಅವಳ ಮುಂದೆ ನಾನು ಏನೂ ತೋರಿಸಿಕೊಳ್ಳುತ್ತಿಲ್ಲ.

ಬಟ್ಟೆಯನ್ನು ತೆಗೆದುಹಾಕಲು ನಾನು ಮಾಡಿದ್ದನ್ನೆಲ್ಲ ಕೇಳು. ಅವಳು ಬರುವ ಮುಂಚೆ ಮೊದಲು ಒಲೆಗೆ ಹಾಕಿದೆ. ನನ್ನ ಬುದ್ಧಿಗೆ ಏನೆನ್ನಬೇಕು, ಸುಡದ್ದನ್ನು ಸುಡಲು ಹೋದೆ. ಸೌದೆಯೆಲ್ಲ ಬೂದಿಯಾದ ಮೇಲೆ ನೋಡಿದರೆ ಅದು ಬೂದಿಯ ನಡುವೆ ಆಗ ತಾನೆ ನೇಯ್ದ ಹಾಗೆ ಬೆಳ್ಳಗೆ ಮಲಗಿತ್ತು. ನನ್ನನ್ನೇ ನೋಡುತ್ತಿದೆ ಅನಿಸಿತು.

ಆಮೇಲೆ ಹಳ್ಳಕ್ಕೆ ಎಸೆದು ಬಂದೆ. ನೀರು ಜೋರಿತ್ತು, ಬಂಡೆಯ ಆಚೆಗೆ ಹೋದದ್ದನ್ನು ಕಣ್ಣಾರೆ ನೋಡಿದೆ. ಎರಡು ದಿನದ ಮೇಲೆ ಕೆಳಗಿನ ತೋಟದ ಕೆಲಸದ ಹೆಂಗಸು ಬಾಗಿಲಿಗೆ ಬಂದಳು. ತೊಳೆದು, ಒಣಗಿಸಿ, ಮಡಿಸಿ, ಮೇಲೊಂದು ಹೂವಿಟ್ಟು ತಂದಿದ್ದಳು. "ಬೆಂಕಿ ಬಟ್ಟೆ ಹೊಳೆಗೆ ಹೋಗಿತ್ತು ರಾಮಕ್ಕ, ನನ್ ಮಗಳು ಮಲಗಿದ್ದ ಬಟ್ಟೆ ಅಲ್ವಾ, ನೋಡಿದ್ ಕೂಡ್ಲೇ ಗುರ್ತು ಸಿಕ್ತು," ಅಂದಳು. ಅವಳಿಗೆ ಕಾಫಿ ಕೊಟ್ಟು ಕಳಿಸಿದೆ. ಬೇರೇನು ಮಾಡಲಿ?

ಪಂಚಾಯ್ತಿಯ ಕಸದ ಗಾಡಿಗೆ ಗೋಣಿಯಲ್ಲಿ ಕಟ್ಟಿ ಹಾಕಿದೆ. ಮಾರನೇ ದಿನ ಡ್ರೈವರೇ ಹಿಂದಕ್ಕೆ ತಂದ. ಅವನ ಹೆಂಡತಿಯ ಬಾಣಂತನವೂ ನನ್ನದೇ. ತೋಟದ ತುದಿಯಲ್ಲಿ ಗುಂಡಿ ತೋಡಿ ಮುಚ್ಚಿದೆ. ಗಿಡ ನೆಡಲು ಬಂದವರ ಗುದ್ದಲಿಗೆ ಸಿಕ್ಕಿ ಅದೂ ಮನೆಗೆ ಬಂತು. ಎಲ್ಲರೂ ಪ್ರೀತಿಯಿಂದಲೇ ತಂದುಕೊಡುತ್ತಾರೆ ಬಾಲು.

ಕೊನೆಗೆ ಶೇಷಪ್ಪಣ್ಣ ಬಂದರು. "ಏನ್ ಮಾರಾಯ್ತಿ, ಮಗಳ ಬಾಣಂತನ ಹತ್ರ ಬಂದಾಗ ನಿಂಗೆ ತಲೆ ಕೆಟ್ಟಿತಾ? ಹೊಳೆಗೆ ಹಾಕಿದ್ರೂ ಬರ್ತಾಳೆ, ಮಣ್ಣಿಗೆ ಹಾಕಿದ್ರೂ ಬರ್ತಾಳೆ ಅಂದ್ರೆ ಅವ್ಳಿಗೆ ಹೋಗೋಕೆ ಮನಸ್ಸಿಲ್ಲ ಅಂತ ಅರ್ಥ," ಅಂದವರೇ ಅದನ್ನು ತಮ್ಮ ಮನೆಗೆ ತೆಗೆದುಕೊಂಡು ಹೋದರು. ಈಗ ಅವರ ದೇವರ ಗೂಡಿನಲ್ಲಿದೆ. ನಾನು ನಿಜ ಹೇಳಬೇಕಿತ್ತು. ಈ ಲೈನಿನ ಒಂದೊಂದು ಮನೆಗೂ ಅದನ್ನು ಹೊತ್ತುಕೊಂಡು ಹೋದವಳು ನಾನು. ಎಲ್ಲರ ಮುಖ ಕಣ್ಣ ಮುಂದೆ ಬಂತು, ಹೇಳಲಿಲ್ಲ.

ಸ್ವಾತಿಗೆ ನಾನು ಕೆಂಡವನ್ನೇ ಇಡುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೇನೆ. ಬಟ್ಟೆ ನಮ್ಮ ಮನೆಗೆ ಬರದ ಹಾಗೆ ನೋಡಿಕೊಳ್ಳುತ್ತೇನೆ. ಆದರೆ ಶೇಷಪ್ಪಣ್ಣನ ಮಗನ ಹೆಂಡತಿಗೂ ಈಗ ಏಳು ತಿಂಗಳು.

ಬಲ ಮಗ್ಗುಲಿಗೆ. ಎಡಕ್ಕೆ ಹೊರಳಿದರೆ ಎದೆಯ ಮೇಲೆ ಯಾರೋ ಮಂಡಿ ಊರಿದ ಹಾಗಾಗುತ್ತದೆ. ನಿನಗೆ ಹೇಗೆ ಗೊತ್ತಾಯಿತು?

ರಾಮಮ್ಮ


ಶಿವಡಿ, ಮುಂಬೈ
4 ನವೆಂಬರ್ 2024

ಅಕ್ಕಾ,

ನಾನೂ ಬಲ ಮಗ್ಗುಲಿಗೇ.

ಇದನ್ನು ಮೂರು ಸಲ ಕೂತು ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಆಗುವುದಿಲ್ಲ.

ಗೇಟಿನ ಕೆಲಸ ಸುಳ್ಳು. ಬೇಸಿಗೆಯಿಂದಲೇ ಯಾರ್ಡಿಗೆ ಹೋಗುತ್ತಿಲ್ಲ. ಫೋನು ನೀರಿಗೆ ಬಿದ್ದದ್ದೂ ಸುಳ್ಳು. ಇಲ್ಲೇ ತಲೆದಿಂಬಿನ ಪಕ್ಕದಲ್ಲಿದೆ. ಎರಡು ಮಾತಾಡಿದರೆ ಕೆಮ್ಮು ಬರುತ್ತದೆ, ಬಂದರೆ ನಿಲ್ಲುವುದಿಲ್ಲ. ಅದು ನಿನ್ನ ಕಿವಿಗೆ ಬೀಳಬಾರದು ಅಂತ ಆಫ್ ಮಾಡಿಟ್ಟೆ. ಕಾಗದದಲ್ಲಿ ಕೆಮ್ಮು ಕೇಳುವುದಿಲ್ಲವಲ್ಲ.

ವಿಶ್ವನಾಥ ಹೋದ ಮೇಲೆ ಒಂದು ಮಧ್ಯಾಹ್ನ ಮಲಗಿದ್ದೆ. ಅವನು ಕೆಮ್ಮುವುದು ಕೇಳಿಸಿತು. ಅದೇ ಕೆಮ್ಮು. ಮೊದಲು ಸಣ್ಣದಾಗಿ, ಆಮೇಲೆ ಹಿಡಿದೆಳೆದ ಹಾಗೆ. ಅಭ್ಯಾಸ ಬಲದಿಂದ ಎದ್ದು ಲೋಟಕ್ಕೆ ನೀರು ಬಗ್ಗಿಸಿ ಅವನ ಮಂಚದ ಕಡೆ ತಿರುಗಿದೆ. ಮಂಚ ಖಾಲಿ. ಕೆಮ್ಮು ನಿಂತಿರಲಿಲ್ಲ. ಲೋಟ ಕುಣಿದು ನೀರು ಕೈಮೇಲೆ ಚೆಲ್ಲಿದಾಗ ಗೊತ್ತಾಯಿತು, ಅದು ನನ್ನದೇ.

ಡಾಕ್ಟರು ಎದೆಯಿಂದ ಎರಡು ಸಲ ನೀರು ತೆಗೆದರು. ಇನ್ನು ತೆಗೆದು ಪ್ರಯೋಜನವಿಲ್ಲ ಅಂದರು. ಊರಿಗೆ ಹೋಗುವುದಿದ್ದರೆ ಈಗಲೇ ಹೋಗಿ ಅಂದರು.

ಈಗ ಬಟ್ಟೆಯ ವಿಷಯ. ಒಣಗಿದ್ದಾಗ ಅದನ್ನು ಯಾರೂ ಮುಟ್ಟಬಾರದು. ಮುಟ್ಟಲೇಬೇಕಾದರೆ ಮೊದಲು ನೀರು ಸುರಿ. ಪೂರ್ತಿ ನೆನೆಯಲಿ. ನೆನೆದರೆ ಹುಡಿ ಏಳುವುದಿಲ್ಲ, ಅದಕ್ಕೆ ಗೊತ್ತಿರುವ ಶತ್ರು ನೀರೊಂದೇ. ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ, ಮೇಲೆ ನೀರು ತುಂಬಿ, ಮುಚ್ಚಳ ಬಿಗಿ ಮಾಡು. ಆಳಕ್ಕೆ ಹೂಳಬೇಕು. ಎಲ್ಲಿ ಹೂತರೂ ತಂದುಕೊಡುತ್ತಾರೆ ಅಂದೆ. ಅದನ್ನೇ ಯೋಚಿಸುತ್ತಿದ್ದೆ. ನಮ್ಮವರು ಗುದ್ದಲಿ ಹಾಕದ ಜಾಗ ಒಂದೇ. ಸ್ಮಶಾನ. ಅಲ್ಲೂ ಯಾರಾದರೂ ಮಲಗಿರುವ ಜಾಗ.

ನನ್ನನ್ನು ಸುಡಬೇಡ ಅಕ್ಕ. ಅಪ್ಪನನ್ನು ಹೂತ ಹಾಗೆ ನನ್ನನ್ನೂ ಹೂಳು. ನನ್ನೊಳಗೆ ಇರುವುದು ಬೆಂಕಿಗೆ ಸುಡುವುದಿಲ್ಲ. ಡ್ರಮ್ಮನ್ನು ಕೆಳಗಿಟ್ಟು ನನ್ನನ್ನು ಮೇಲೆ ಮಲಗಿಸು. ನನ್ನನ್ನು ದಾಟಿ ಯಾರೂ ಅದನ್ನು ಎತ್ತಿ ತರುವುದಿಲ್ಲ. ತಂದವನು ನಾನು. ಅದನ್ನು ಕಾಯುವುದೂ ನನ್ನ ಕೆಲಸವೇ ಆಗಲಿ.

ನೀನು ಎದೆಯ ಫೋಟೋ ತೆಗೆಸು. ಹಡಗಿನ ಬಟ್ಟೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳು. ಸ್ವಾತಿಗೂ ಹೇಳು. ಹೆದರಿಸಬೇಡ, ಆದರೆ ಹೇಳು.

ಬಾಲು


ಲೈನ್ ಮನೆ, ಬಾಳೂರು
27 ನವೆಂಬರ್ 2024

ಬಾಲೂ,

ಹೆಣ್ಣು ಮಗು. ಮೂರು ವಾರ ಮೊದಲೇ ಬಂದುಬಿಟ್ಟಿತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಮೂಗು ನಿನ್ನದೇ, ಪಾಪ, ಏನು ಮಾಡುವುದು.

ನಿನ್ನ ಕಾಗದ ಬಂದ ದಿನವೇ ಸ್ವಾತಿಗೆ ನೋವು ಶುರುವಾಯಿತು. ಓದಿ ಮುಗಿಸುವಷ್ಟರಲ್ಲಿ ಜೀಪು ಬಾಗಿಲಲ್ಲಿತ್ತು. ಅದನ್ನು ರವಿಕೆಯೊಳಗೆ ಇಟ್ಟುಕೊಂಡೇ ಮೂಡಿಗೆರೆಗೆ ಹೋದೆ. ಅಲ್ಲಿ ಮಗು ಹುಟ್ಟಿದ ಮಾರನೇ ದಿನ ನಾನೂ ಎದೆಯ ಫೋಟೋ ತೆಗೆಸಿದೆ. ಡಾಕ್ಟರಮ್ಮ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಅಮ್ಮ, ನೀವು ಎಲ್ಲಾದ್ರೂ ಕಾರ್ಖಾನೇಲಿ, ಹಡಗಿನ ಕೆಲಸದಲ್ಲಿ ಇದ್ರಾ?" ಅಂತ ಕೇಳಿದರು. ನಾನಿನ್ನೂ ಬಾಯಿ ತೆರೆದಿರಲಿಲ್ಲ ಬಾಲು. ಸಮುದ್ರವನ್ನೇ ನೋಡದ ನನ್ನ ಎದೆಯೊಳಗೆ ಅವರಿಗೆ ಹಡಗು ಕಂಡಿತು. ಆಮೇಲೆ ಎಲ್ಲ ಹೇಳಿದೆ. ಮಂಗಳೂರಿಗೆ ಚೀಟಿ ಬರೆದುಕೊಟ್ಟಿದ್ದಾರೆ. ಸ್ವಾತಿಯನ್ನೂ ಆಗಾಗ ನೋಡಿಸುತ್ತಿರಬೇಕು ಅಂದರು.

ಈಗ ಕೇಳು. ಸ್ವಾತಿಯನ್ನು, ಮಗುವನ್ನು ಕರೆದುಕೊಂಡು ಮನೆಗೆ ಬಂದೆವು. ಅಂಗಳದಲ್ಲಿ ಲೈನಿನ ಹೆಂಗಸರೆಲ್ಲ ಸೇರಿದ್ದರು. ನಾನು ಊರಲ್ಲಿಲ್ಲವೆಂದು ಅವರೇ ಎಲ್ಲ ತಯಾರಿ ಮಾಡಿದ್ದರು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಕೋಣೆಗೆ ಸೆಗಣಿ ಸಾರಿಸಿ, ಮಂಚ ಹಾಕಿ, ಕೆಳಗೆ ಕೆಂಡ ಇಟ್ಟಿದ್ದರು. ಮಂಚದ ಮೇಲೆ ಅದು. ಶೇಷಪ್ಪಣ್ಣ ಮನೆಯ ಒಲೆಯಲ್ಲಿ ಒಗೆಸಿ, ತಾವೇ ಕೊಡವಿ ಹಾಸಿದ್ದರಂತೆ. ಕಿಂಡಿಯ ಬಿಸಿಲು ನೇರ ಮಂಚಕ್ಕೆ ಬಿದ್ದಿತ್ತು. ಆ ಬಿಸಿಲಿನ ತುಂಬ ಅದು ತೇಲುತ್ತಿತ್ತು, ಮಿಣಮಿಣ, ಒಂದೂ ಕೆಳಗಿಳಿಯದೆ. ನಮಗಾಗಿಯೇ ಕಾದ ಹಾಗೆ.

ಸ್ವಾತಿ ಮಗುವನ್ನು ಎತ್ತಿಕೊಂಡು ಹೊಸ್ತಿಲಿಗೆ ಕಾಲಿಟ್ಟಿದ್ದಳು. ಅವಳ ಸೆರಗು ಹಿಡಿದು ಹಿಂದಕ್ಕೆ ಎಳೆದೆ. ಎಳೆದ ರಭಸಕ್ಕೆ ಅವಳು ಅಳಿಯನ ಮೇಲೆ ಬಿದ್ದಳು. "ಯಾರೂ ಒಳಗೆ ಹೋಗ್ಬೇಡಿ, ಎಲ್ರೂ ಅಂಗಳಕ್ಕೆ ನಡೀರಿ," ಅಂತ ಕೂಗಿದೆ. ನನ್ನ ಬಾಯಿಂದ ಅಂಥ ಸ್ವರ ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ. ಸೆರಗನ್ನು ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡೆ. ಬಾಣಂತಿಗೆ ಹಾಕಲು ತೋಡಿಟ್ಟ ನೀರಿನ ಕೊಡವನ್ನು ಎತ್ತಿ ಒಳಗೆ ಹೋದೆ. ಮಂಚದ ಮೇಲೆ ನಿಧಾನಕ್ಕೆ ಸುರಿದೆ. ಇನ್ನೊಂದು ಕೊಡ. ಮತ್ತೊಂದು. ಕೆಂಡ ಚುಸ್ ಅಂತ ಸತ್ತು ಕೋಣೆಯೆಲ್ಲ ಹಬೆ ತುಂಬಿತು. ಇಷ್ಟು ವರ್ಷದಲ್ಲಿ ಆ ಬಟ್ಟೆ ಬಣ್ಣ ಬದಲಿಸಿದ್ದನ್ನು ಮೊದಲ ಸಲ ನೋಡಿದೆ. ಬೂದು ಬಣ್ಣಕ್ಕೆ ತಿರುಗಿ ಮಂಚದ ಹಗ್ಗದ ಮೇಲೆ ಜೋತುಬಿತ್ತು. ಎತ್ತಿದರೆ ಸತ್ತ ಕರುವಿನಷ್ಟು ಭಾರ.

ಹೊರಗೆ ಶೇಷಪ್ಪಣ್ಣ ತಲೆಯ ಮೇಲೆ ಕೈ ಹೊತ್ತು ನಿಂತಿದ್ದರು. "ಚೌಡಿ ಬಟ್ಟೆ ಮೇಲೆ ಬಾಣಂತಿ ನೀರು ಸುರಿದ್ಯಲ್ಲೇ, ಹಾಳಾಗಿ ಹೋಗ್ತೀವಿ ಎಲ್ರೂ," ಅಂದರು. "ಆಗಿದ್ದೀವಿ ಅಣ್ಣ," ಅಂದೆ. "ನಿಮ್ಮ ಅವ್ವನಿಗೆ ದಮ್ಮು ಎಲ್ಲಿಂದ ಬಂತು? ಶಾಂತಕುಮಾರಿ ಯಾಕೆ ಕೂತೇ ನಿದ್ದೆ ಮಾಡ್ತಿದ್ಲು? ನಾನ್ಯಾಕೆ ಚೌಡಿ ಕಲ್ಲಿನ ಹತ್ರ ಕೂತು ಕೂತು ಹೋಗ್ತೀನಿ?" ಹೇಳುತ್ತಾ ಹೇಳುತ್ತಾ ಕೆಮ್ಮು ಬಂತು. ಈ ಸಲ ನಾನು ಅದನ್ನು ತಡೆಯಲಿಲ್ಲ. ಎಲ್ಲರೂ ಕೇಳಲಿ ಅಂತ ಬಿಟ್ಟೆ. ಅಂಗಳದಲ್ಲಿ ನಿಂತಿದ್ದ ಹೆಂಗಸರಲ್ಲಿ ಇನ್ನಿಬ್ಬರಿಗೂ ಕೆಮ್ಮು ಬಂತು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶೇಷಪ್ಪಣ್ಣ ಒಮ್ಮೆ ಮಗನ ಹೆಂಡತಿಯ ಹೊಟ್ಟೆಯ ಕಡೆ ನೋಡಿದರು. ಹೋಗಿ ತಮ್ಮ ಮನೆಯ ನೀಲಿ ಡ್ರಮ್ಮು ಉರುಳಿಸಿಕೊಂಡು ಬಂದರು.

ಸ್ವಾತಿ, ಮಗು ಇಬ್ಬರೂ ಲೈನಿನ ಆಚೆಗೆ ಹೊಸದಾಗಿ ಕಟ್ಟಿದ ಮನೆಯಲ್ಲಿದ್ದಾರೆ, ಆ ಬಟ್ಟೆ ಅಲ್ಲಿಗೆ ಹೋಗಿಲ್ಲ. ನನ್ನ ಹಳೆಯ ಸೀರೆ ಹಾಸಿ, ಮೇಲೆ ನಿನ್ನ ಕಂಬಳಿ ಹಾಕಿದ್ದೇನೆ. ಕೆಂಡ ಇಲ್ಲ. ಬಿಸಿನೀರಿನ ರಬ್ಬರ್ ಚೀಲ ಸಾಕು ಅಂತ ಡಾಕ್ಟರಮ್ಮ ಹೇಳಿದ್ದಾರೆ. ನಮ್ಮ ಕೋಣೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಬೀಗ ಹಾಕಿದ್ದೇನೆ. ಇನ್ನು ಅಲ್ಲಿ ಯಾರೂ ಮಲಗುವುದಿಲ್ಲ. ಬಟ್ಟೆ ನೀರಿನ ಕೆಳಗೆ ಡ್ರಮ್ಮಿನಲ್ಲಿದೆ, ಮುಚ್ಚಳದ ಮೇಲೆ ಅರೆಯುವ ಕಲ್ಲು ಹೇರಿದ್ದಾರೆ. ಆದರೂ ನಾನು ದಿನಾ ಹೋಗಿ ಕಲ್ಲು ಇದೆಯಾ ಅಂತ ನೋಡಿ ಬರುತ್ತೇನೆ.

ನೀನು ಬಾ. ಅಳಿಯ ಅಲ್ಲಿಗೇ ಬಂದು ಕರೆತರುತ್ತಾನೆ, ರೈಲಿನ ಟಿಕೆಟ್ಟು ಆಗಿದೆ. ಸಾಯಲು ಬಾ ಅಂತ ಬರೆಯಲು ನನಗೆ ಕೈ ಬರುವುದಿಲ್ಲ. ಮಗುವನ್ನು ನೋಡಲು ಬಾ. ಅಂಗಳದ ಬಿಸಿಲಿನಲ್ಲಿ ಕೂತು ದೂರದಿಂದ ಅದರ ಮೂಗು ನೋಡು. ಎಷ್ಟು ದಿನ ಇರುತ್ತೀಯೋ ಅಷ್ಟು ದಿನ ನನ್ನ ಹತ್ತಿರ ಇರು.

ಬರುವ ಮೊದಲು ಫೋನ್ ಆನ್ ಮಾಡು. ನಮ್ಮ ಟವರಿಗೆ ಸಿಡಿಲು ಹೊಡೆದೇ ಇಲ್ಲ. ನಾನೂ ನಿನ್ನ ಹಾಗೆಯೇ, ನನ್ನ ಕೆಮ್ಮು ನಿನಗೆ ಕೇಳಬಾರದು ಅಂತ ಕಾಗದ ಬರೆಯುತ್ತಿದ್ದೆ. ಒಂದೇ ಸುಳ್ಳನ್ನು ಇಬ್ಬರೂ ಹೇಳಿದ್ದೇವೆ. ಸಾಕು. ಮಾತಾಡಲು ಆಗದಿದ್ದರೆ ಸುಮ್ಮನೆ ಹಿಡಿದುಕೊಂಡಿರು, ನಿನ್ನ ಉಸಿರು ಕೇಳುತ್ತಾ ಕೂರುತ್ತೇನೆ.

ನೀನು ಹೇಳಿದ ಜಾಗಕ್ಕೂ ನಿನ್ನೆ ಹೋಗಿ ಬಂದೆ. ಅಪ್ಪನ ಪಕ್ಕದಲ್ಲೇ, ಹಲಸಿನ ಮರದ ಕೆಳಗೆ. ಶೇಷಪ್ಪಣ್ಣನೇ ಜೊತೆಗೆ ಬಂದು ಗೂಟ ಹೊಡೆದು ಗುರುತು ಮಾಡಿಕೊಟ್ಟರು. ನಾನು ತೋರಿಸಿದ ಕಡೆಯೆಲ್ಲ ಗೂಟ ಹೊಡೆದರು. ಮುಗಿದ ಮೇಲೆ ದೂರ ನಿಂತು ನೋಡಿ, "ಒಬ್ಬನಿಗೆ ಇಬ್ಬರು ಮಲಗುವಷ್ಟು ಜಾಗ ಯಾಕೆ ಮಾರಾಯ್ತಿ?" ಅಂತ ಕೇಳಿದರು.

ಬಟ್ಟೆ ದೊಡ್ಡದಿದೆ ಅಣ್ಣ, ಅಂದೆ.

ನಿನ್ನ ಅಕ್ಕ
ರಾಮಮ್ಮ